ಬೆಳಗಾವಿಯಲ್ಲಿ ಕೂತು ಅಮೆರಿಕಾದ ಬೇಸ್‌ಬಾಲ್ ಸೀಟು ಮಾರುವವರು: 5ಕ್ಕೆ 2 ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕಾದ ಕಾಲೇಜಿಗೆ ಆಟಗಾರರನ್ನು ಕಳಿಸುತ್ತೇವೆ ಎನ್ನುವ ಈ ಕನ್ಸಲ್ಟನ್ಸಿಗೆ 5ಕ್ಕೆ 2 ಸ್ಟಾರ್. ಒಂದು ಸ್ಟಾರ್ ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ಹುಡುಗಿಗೆ, ಇನ್ನೊಂದು ವಿಡಿಯೋ ತೆಗೆಯುವ ಹುಡುಗನಿಗೆ. ಕೌನ್ಸೆಲರ್ ಎಂದು ಗಾಜಿನ ಕೋಣೆಯಲ್ಲಿ ಕೂರುವ ಸಾಹೇಬರಿಗೆ ಏನೂ ಇಲ್ಲ. ಕಂಪನಿಯ ಹೆಸರು ಹಾಕುತ್ತಿಲ್ಲ, ದುಡ್ಡಿನ ಮಾತು ಇನ್ನೂ ಮುಗಿದಿಲ್ಲ. ಆದರೆ ಬೆಳಗಾವಿಯಲ್ಲಿ ಇಂಥ ಪ್ಯಾಕೇಜ್ ಕೊಡುವವರು ಸಿಕ್ಕರೆ ಏನು ಕೇಳಬೇಕು, ಎಲ್ಲಿ ಹುಷಾರಾಗಿರಬೇಕು ಎನ್ನುವುದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಅವರು ಮಾರುವುದು ಏನಪ್ಪಾ ಅಂದರೆ, ನಿಮ್ಮ ಮನೆಯ ಹುಡುಗ ಅಥವಾ ಹುಡುಗಿಗೆ ಅಮೆರಿಕಾದ ಕಾಲೇಜಿನಲ್ಲಿ ಆಟದ ಕೋಟಾದ ಸೀಟು ಮತ್ತು ಸ್ಕಾಲರ್‌ಶಿಪ್. ಟೆನಿಸ್, ಈಜು, ಓಟ, ಈಗ ಹೊಸದಾಗಿ ಬೇಸ್‌ಬಾಲ್. ನಮ್ಮ ಅಣ್ಣನ ಮಗ ಫಸ್ಟ್ ಪಿಯುಸಿ ಸೈನ್ಸ್, ವೇಗದ ಬೌಲರ್. ಬೌಂಡರಿಯಿಂದ ಚೆಂಡು ಒಗೆದರೆ ನೇರ ಕೀಪರ್ ಕೈಗೆ. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಒಂದು ಟೂರ್ನಮೆಂಟ್ ನಡೆದಿತ್ತು, ಅಲ್ಲಿ ಇವನ ಎಸೆತ ನೋಡಿ ಅವರ ಕಡೆಯವರು ಒಬ್ಬರು ಕಾರ್ಡ್ ಕೊಟ್ಟು ಹೋದರು. ಅಲ್ಲಿಗೆ ಅಣ್ಣನ ಮನೆಯಲ್ಲಿ ಕ್ರಿಕೆಟ್ ಮಾತು ನಿಂತು ಬೇಸ್‌ಬಾಲ್ ಮಾತು ಶುರುವಾಯಿತು. ಅಣ್ಣನಿಗೆ ಅಂಗಡಿ ಬಿಟ್ಟು ಬರಲು ಆಗಲ್ಲ, ಹಾಗಾಗಿ ಹುಡುಗನನ್ನೂ ವೈನಿಯನ್ನೂ ಕರೆದುಕೊಂಡು ಆಫೀಸಿಗೆ ಹೋಗಿದ್ದು ಈ ಕಾಕಾ.

ಆಫೀಸು ಚೆನ್ನಾಗಿದೆ. ಎಸಿ ಇದೆ, ಚಹಾ ಕೊಡುತ್ತಾರೆ. ಗೋಡೆಯ ಮೇಲೆ ಇಬ್ಬರು ಭಾರತದ ಹುಡುಗರು ಬೇಸ್‌ಬಾಲ್ ಟೋಪಿ ಹಾಕಿಕೊಂಡು ನಿಂತ ದೊಡ್ಡ ಫೋಟೋ. ಸಾಹೇಬರು ಹುಡುಗನ ಭುಜ ತಟ್ಟಿ, “ಸರ್, ಈ ಕೈ ಇಲ್ಲಿ ವೇಸ್ಟ್ ಆಗ್ಲಿಕತ್ತದ ನೋಡ್ರಿ. ಅಮೆರಿಕಾದಾಗ ಇದ್ದಿದ್ರ ಕಾಲೇಜಿನವ್ರು ಮನೀ ಬಾಗಿಲಿಗೇ ಬರ್ತಿದ್ರು. ಫುಲ್ ಸ್ಕಾಲರ್‌ಶಿಪ್!” ಎಂದರು. ವೈನಿ ಕೇಳಿದ್ದು ಒಂದೇ ಪ್ರಶ್ನೆ, “ಫುಲ್ ಅಂದ್ರ ಊಟಾನೂ ಬರ್ತದೇನ್ರಿ?” ಬರುತ್ತದಂತೆ.

ಆ ಫೋಟೋದ ಇಬ್ಬರ ಕತೆ ಸ್ವಲ್ಪ ನೋಡೋಣ, ಯಾಕೆಂದರೆ ಇಡೀ ಪ್ಯಾಕೇಜು ಅದರ ಮೇಲೆಯೇ ನಿಂತಿದೆ. ಅವರು ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಐಪಿಎಲ್ ರಿಂಕು ಅಲ್ಲ, ಬೇರೆ. ಉತ್ತರ ಪ್ರದೇಶದ ಜಾವೆಲಿನ್ ಹುಡುಗರು. 2008ರಲ್ಲಿ ನಮ್ಮ ದೇಶದಲ್ಲಿ ಚೆಂಡು ಎಸೆಯುವ ಒಂದು ಟಿವಿ ಸ್ಪರ್ಧೆ ನಡೆಯಿತು. ರಿಂಕು ಗಂಟೆಗೆ 140 ಕಿಲೋಮೀಟರ್ ಆಸುಪಾಸಿನಲ್ಲಿ ಎಸೆದು 1 ಲಕ್ಷ ಡಾಲರ್ ಗೆದ್ದ. ಇಬ್ಬರನ್ನೂ ಲಾಸ್ ಏಂಜಲೀಸ್‌ಗೆ ಕರೆದೊಯ್ದರು, ಟಾಮ್ ಹೌಸ್ ಎನ್ನುವ ಹೆಸರುವಾಸಿ ಪಿಚಿಂಗ್ (ಬೇಸ್‌ಬಾಲ್ ಎಸೆತದ) ಕೋಚ್ ಕೈಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿಸಿದರು, ಅದೇ ವರ್ಷದ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ವೃತ್ತಿಪರ ತಂಡ ಇಬ್ಬರ ಜೊತೆಗೂ ಒಪ್ಪಂದ ಮಾಡಿಕೊಂಡಿತು. ದೊಡ್ಡ ಸಾಧನೆಯೇ, ಎರಡು ಮಾತಿಲ್ಲ. ಆದರೆ ಅದು ಸಂಬಳದ ಒಪ್ಪಂದ. ಕಾಲೇಜಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂಥ ಕಾಗದಕ್ಕೆ ಸಹಿ ಹಾಕಿದ ಹುಡುಗ ಆಮೇಲೆ ಕಾಲೇಜು ಬೇಸ್‌ಬಾಲ್ ಆಡಲು ಬರುವುದಿಲ್ಲ, ಅರ್ಹತೆಯೇ ಹೋಗುತ್ತದೆ. ಕಾಲೇಜು ಸ್ಕಾಲರ್‌ಶಿಪ್ ಮಾರುವ ಆಫೀಸಿನಲ್ಲಿ ಅಲ್ಲಿಯ ಕಾಲೇಜು ತಂಡದಲ್ಲಿ ಆಡದವರ ಫೋಟೋ! ಸಾಹೇಬರಿಗೆ ಇದನ್ನು ಹೇಳಿದರೆ “ಮೋಟಿವೇಶನ್ ಸರ್” ಎಂದರು.

ಇನ್ನು ಆ “ಫುಲ್”. ಅಮೆರಿಕಾದ ಕಾಲೇಜು ಆಟಗಳನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ಹಂತ ಡಿವಿಷನ್ 1, ಅಲ್ಲಿ ಸುಮಾರು 300 ಬೇಸ್‌ಬಾಲ್ ತಂಡಗಳಿವೆ. ಈ ತಂಡಗಳಿಗೆ ಎಷ್ಟೋ ವರ್ಷ ಇದ್ದ ಲೆಕ್ಕ 11.7 ಸ್ಕಾಲರ್‌ಶಿಪ್. ಹೌದು, ಪಾಯಿಂಟ್ ಏಳು! ಇಡೀ ತಂಡಕ್ಕೆ ಅಷ್ಟೇ. ಕೋಚ್ ಅದನ್ನು 27 ಜನರವರೆಗೆ ಚೂರು ಚೂರು ಮಾಡಿ ಹಂಚುತ್ತಿದ್ದ. ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಕೆಲವರಿಗೆ ಜಾಗ ಮಾತ್ರ, ದುಡ್ಡಿಲ್ಲ. ಪೂರ್ತಿ ಸಿಗುವವನು ಅಪರೂಪ. ಅಂದರೆ ಅಲ್ಲಿ ಕೋಚ್ ಆಗುವುದಕ್ಕೆ ಆಟ ಗೊತ್ತಿದ್ದರೆ ಸಾಲದು, ಲೆಕ್ಕವೂ ಬರಬೇಕು. ಯಾರಿಗೆ ಎಷ್ಟು ಚೂರು ಕೊಟ್ಟರೆ ಬರುತ್ತಾನೆ, ಯಾರಿಗೆ ಜಾಸ್ತಿ ಕೊಟ್ಟರೆ ಇನ್ನಿಬ್ಬರು ಕೈತಪ್ಪುತ್ತಾರೆ, ಇದೇ ಅವನ ಅರ್ಧ ಕೆಲಸ.

2025-26ರಿಂದ ನಿಯಮ ಬದಲಾಗಿದೆ. ಕೋರ್ಟ್ ರಾಜಿಯಾಗಿ, ಅದಕ್ಕೆ ಒಪ್ಪಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ 34 ಜನರ ಮಿತಿ ಬಂತು. ನಮ್ಮ ಸಾಹೇಬರು ಮೊದಲ ಅರ್ಧ ಮಾತ್ರ ಹೇಳಿದರು. “ಈಗ ಲಿಮಿಟ್ಟೇ ಇಲ್ಲ ಸರ್, ಎಲ್ಲಾರಿಗೂ ಫುಲ್ ಕೊಡಬಹುದು!” ಕೊಡಬಹುದು, ನಿಜ. ದುಡ್ಡಿರುವ ದೊಡ್ಡ ಕಾಲೇಜುಗಳು ಕೊಡಲೂಬಹುದು. ಆದರೆ ಜಾಗ 34 ಅಷ್ಟೇ ಅಂದಮೇಲೆ ಕೋಚ್ ಯಾರನ್ನು ತೆಗೆದುಕೊಳ್ಳುತ್ತಾನೆ, ಹೇಳಿ? ಇದುವರೆಗೆ ಪಿಚಿಂಗ್ ದಿಬ್ಬವನ್ನೇ ಹತ್ತದ ಬೆಳಗಾವಿಯ ಹುಡುಗನನ್ನೋ, ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಪಳಗಿದವನನ್ನೋ? ಇಂಥ ಪಳಗಿದವರು ಈಗ ಬೇಕಾದಷ್ಟು ಸಿಗುತ್ತಾರೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಎನ್ನುವುದೊಂದು ಶುರುವಾಯಿತು, ಕಾಲೇಜು ಬದಲಿಸಬೇಕೆಂದಿರುವ ಆಟಗಾರ ಅಲ್ಲಿ ಹೆಸರು ಹಾಕಿದರೆ ಸಾಕು, ಬೇರೆ ಕೋಚ್‌ಗಳು ಮಾತಾಡಬಹುದು. ಮೊದಲು ಹೀಗೆ ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಿತ್ತು, ಈಗ ಅದೂ ಇಲ್ಲ.

ಇದರ ಒಳ್ಳೆಯ ಉದಾಹರಣೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ. 2023ರ ಕಾಲೇಜು ಚಾಂಪಿಯನ್ನರು. ಕೋಚ್ ಜೇ ಜಾನ್ಸನ್, 2021ರಲ್ಲಿ ಅರಿಜೋನಾದಿಂದ ಬಂದವರು. ಆ ತಂಡದ ಡಿಲನ್ ಕ್ರೂಸ್ ಹೈಸ್ಕೂಲಿನಿಂದ ನೇರ ಅಲ್ಲಿಗೇ ಬಂದವನು. ಪಾಲ್ ಸ್ಕೀನ್ಸ್ ಏರ್ ಫೋರ್ಸ್ ಅಕಾಡೆಮಿಯಲ್ಲಿ ಎರಡು ವರ್ಷ ಆಡಿ ಬಂದವನು, ಅಲ್ಲಿ ಪಿಚಿಂಗ್ ಜೊತೆಗೆ ಕ್ಯಾಚರ್ (ನಮ್ಮ ಕೀಪರ್ ಇದ್ದ ಹಾಗೆ) ಕೆಲಸವನ್ನೂ ಮಾಡುತ್ತಿದ್ದ, ಬ್ಯಾಟಿಂಗೂ ಜೋರು. ಲೂಸಿಯಾನಾದಲ್ಲಿ ಅವನಿಗೆ ಒಂದೇ ಕೆಲಸ ಕೊಟ್ಟರು, ಪಿಚಿಂಗ್. ಅದನ್ನು ಕಲಿಸಲು ಇದ್ದವರು ವೆಸ್ ಜಾನ್ಸನ್. ಈ ಮನುಷ್ಯ 2022ರ ಸೀಸನ್ ನಡುವೆಯೇ ಮಿನೆಸೋಟಾ ಟ್ವಿನ್ಸ್ ಎಂಬ ಮೇಜರ್ ಲೀಗ್ (ಅಲ್ಲಿಯ ಅತಿ ದೊಡ್ಡ ವೃತ್ತಿಪರ ಲೀಗ್) ತಂಡದ ಪಿಚಿಂಗ್ ಕೋಚ್ ಕೆಲಸ ಬಿಟ್ಟು ಕಾಲೇಜಿಗೆ ಬಂದವರು. ಸ್ಕೀನ್ಸ್ 2023ರಲ್ಲಿ 209 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಅಷ್ಟು ಸಲ ತನ್ನ ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡಿದ. ತಂಡ ಕಾಲೇಜು ಫೈನಲ್ ನಡೆಯುವ ಒಮಾಹಾದಲ್ಲಿ ಕಪ್ ಎತ್ತಿತು. ಮೇಜರ್ ಲೀಗ್ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಸ್ಕೀನ್ಸ್, ಎರಡನೇ ಹೆಸರು ಕ್ರೂಸ್, ಇಬ್ಬರೂ ಒಂದೇ ಕಾಲೇಜು! ಹುಡುಕಿ ತರುವುದು, ತಂದವನಿಗೆ ಸರಿಯಾದ ಕೆಲಸ ಕೊಡುವುದು, ಅದನ್ನು ಕಲಿಸುವವರನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು, ಮೂರೂ ಒಟ್ಟಿಗೆ ಕೂಡಿಬಂದವು. 2025ರಲ್ಲಿ ಮತ್ತೆ ಅದೇ ತಂಡ ಗೆದ್ದಿತು, ಅಷ್ಟರಲ್ಲಿ ಇವರಿಬ್ಬರೂ ಇರಲಿಲ್ಲ, ವೆಸ್ ಜಾನ್ಸನ್ ಕೂಡ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್ ಆಗಿ ಹೋಗಿದ್ದರು.

ನಮ್ಮ ಕಡೆ ಇದು ಗೊತ್ತಿಲ್ಲದ ಮಾತೇನಲ್ಲ. ತಾಲೀಮಿನಲ್ಲಿ ವಸ್ತಾದರು ಹುಡುಗನ ಹೆಗಲು, ಕುತ್ತಿಗೆ ನೋಡಿ ಇವನು ಆಗುತ್ತಾನೆ, ಇವನು ಆಗಲ್ಲ ಎಂದು ಹೇಳುವುದನ್ನು ಬೆಳಗಾವಿಯವರು ನೋಡಿಯೇ ಇರುತ್ತಾರೆ. ವಿಜಯಪುರ, ಬಾಗಲಕೋಟೆ ಹಳ್ಳಿಯ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರೀಯ ಪದಕ ತರುತ್ತಾರೆ ಅಂದರೆ ಅದರ ಹಿಂದೆ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಯೂ ಇದೆ, ಬೆಳಗಿನ ಜಾವ ಎಬ್ಬಿಸಿ ರಸ್ತೆಗೆ ಇಳಿಸುವ ಕೋಚೂ ಇದ್ದಾರೆ. ಆರಿಸುವವರೂ ಅವರೇ, ತಿದ್ದುವವರೂ ಅವರೇ. ಹಾಗಾಗಿ ನಾನು ಕನ್ಸಲ್ಟನ್ಸಿಯಲ್ಲಿ ಕೇಳಿದ್ದು, ನೀವು ಯಾವ ಕೋಚ್‌ಗೆ ಕಳಿಸುತ್ತೀರಿ, ಅವರಿಗೆ ಎಂಥ ಹುಡುಗ ಬೇಕಾಗಿದ್ದಾನೆ? ಉತ್ತರ: “ಎಲ್ಲರಿಗೂ ಕಳಸ್ತೀವಿ ಸರ್.”

ಇಲ್ಲೇ ನನಗೆ ಅನುಮಾನ ಬಂದಿದ್ದು. ಆದರೂ ಹುಡುಗನ ಮುಖ ನೋಡಿ ಮೊದಲ ಕಂತು ಕಟ್ಟಿದೆವು, 60 ಸಾವಿರ. ಎರಡನೆಯದೂ ಅಷ್ಟೇ, ಅದು “ಆಫರ್ ಬಂದಮೇಲೆ”.

ಈಗ ಕೆಲಸ ಹೇಗೆ ಮಾಡಿದರು ಎನ್ನುವುದಕ್ಕೆ ಬರುತ್ತೇನೆ. ಮೊದಲು ಅಳತೆ. ಬೇಸ್‌ಬಾಲ್ ಕೋಚ್‌ಗಳು ಓಟದ ವೇಗ ನೋಡುವುದು 60 ಗಜದಲ್ಲಿ. 60 ಗಜ ಅಂದರೆ 54.86 ಮೀಟರ್. ನಮ್ಮವರು ಟೇಪ್ ಹಿಡಿದು 60 ಮೀಟರ್ ಅಳೆದು ಸುಣ್ಣದ ಗೆರೆ ಹಾಕಿದರು! ಹುಡುಗ 7.7 ಸೆಕೆಂಡಿನಲ್ಲಿ ಓಡಿದ, ಪ್ರೊಫೈಲ್‌ನಲ್ಲಿ “60 ಗಜ, 7.7” ಎಂದು ಹೋಯಿತು. ಕಾಲೇಜು ಮಟ್ಟದಲ್ಲಿ ಒಳ್ಳೆಯ ಫೀಲ್ಡರ್‌ಗಳು 7 ಸೆಕೆಂಡಿನೊಳಗೆ ಮುಗಿಸುತ್ತಾರೆ. 7.7 ನೋಡಿದ ಯಾವ ಕೋಚ್ ಮುಂದೆ ಓದುತ್ತಾನೆ? ಆಮೇಲೆ ನಾವೇ ಸರಿಯಾಗಿ ಗೆರೆ ಹಾಕಿ ಓಡಿಸಿದಾಗ 7.1 ಬಂತು. ಐದು ಮೀಟರ್ ಚಿಲ್ಲರೆ, ಹುಡುಗನ ಹೆಸರಿಗೆ ಪಾಯಿಂಟ್ ಆರು ಸೆಕೆಂಡ್ ಬಡಿದಿತ್ತು. ತಿದ್ದಿ ಎಂದು ಹೇಳಿದ ಮೇಲೆ ತಿದ್ದಲು ಒಂದು ವಾರ.

ಆಮೇಲೆ ಎಸೆತ. ರೇಡಾರ್ ಗನ್ ಇದೆ ಅವರ ಹತ್ತಿರ, ಚೆನ್ನಾಗಿರುವುದೇ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಎಸೆಸಿದ್ದು ಓಡಿ ಬಂದು. ಕ್ರಿಕೆಟ್ ಹುಡುಗ, ರನ್-ಅಪ್ ಇಲ್ಲದೆ ಅವನ ಕೈ ಏಳುವುದೇ ಇಲ್ಲ. ಗಂಟೆಗೆ 128 ಕಿಲೋಮೀಟರ್ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಸ್‌ಬಾಲ್ ಪಿಚರ್‌ಗೆ ರನ್-ಅಪ್ ಎಲ್ಲಿದೆ? ಸುಮಾರು 25 ಸೆಂಟಿಮೀಟರ್ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಹಲಗೆಗೆ ಕಾಲು ತಾಗಿಸಿಕೊಂಡೇ, 18.44 ಮೀಟರ್ ದೂರದಲ್ಲಿ ಬ್ಯಾಟರ್ ಪಕ್ಕ ಇರುವ ಹೋಮ್ ಪ್ಲೇಟ್‌ನ ಹಿಂದೆ ಕೂತಿರುವ ಕ್ಯಾಚರ್ ಕೈಗೆ ಎಸೆಯಬೇಕು. ಚೆಂಡೂ ಬೇರೆ, 142ರಿಂದ 149 ಗ್ರಾಂ, ನಮ್ಮ ಕ್ರಿಕೆಟ್ ಚೆಂಡಿಗಿಂತ ಹಗುರ. ಬೌಲರ್ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ಬಿಚ್ಚಿದರೆ ಚಕ್ಕರ್ ಎನ್ನುತ್ತಾರೆ, ಅಲ್ಲಿ ಮೊಣಕೈ ಮಡಚಿ ಬಿಚ್ಚಿಯೇ ಎಸೆಯುವುದು. ವರ್ಷಗಟ್ಟಲೆ ಕೈ ನೆಟ್ಟಗೆ ಇಡಲು ಕಲಿತ ಹುಡುಗ ಈಗ ಅದನ್ನು ಮರೆಯಬೇಕು. ಇದನ್ನು ಮರೆಸಿ ಕಲಿಸುವುದಕ್ಕೇ ಕೋಚ್ ಬೇಕಾಗುವುದು. ಪ್ಯಾಕೇಜ್‌ನಲ್ಲಿ ಕೋಚ್ ಇಲ್ಲ. “ಅಲ್ಲಿ ಹೋದಮ್ಯಾಲೆ ಕಲಸ್ತಾರ ಸರ್.”

ವಿಡಿಯೋ ಹುಡುಗ ಮಾತ್ರ ಬಂಗಾರ. ಪಕ್ಕದಿಂದ, ಹಿಂದಿನಿಂದ, ನಿಧಾನ ಗತಿಯಲ್ಲಿ, ಚೆಂಡು ಹಿಡಿದ ಬೆರಳು ಹತ್ತಿರದಿಂದ, ಎಲ್ಲ ತೆಗೆದ. ಸಾಹೇಬರ ಆಫೀಸು ಅದಕ್ಕೆ ಡೋಲು ತಮಟೆ ಹಾಡು ಹಾಕಿ ಎರಡು ನಿಮಿಷಕ್ಕೆ ಕತ್ತರಿಸಿತು.

ಮತ್ತೆ ಮೇಲ್. ಇದನ್ನು ನಾನು ಕೇಳಿ ತೆಗೆಸಿ ನೋಡಿದೆ. “ಪ್ರಿಯ ಕೋಚ್” ಎಂದು ಶುರು, ಕೋಚ್ ಹೆಸರೂ ಇಲ್ಲ. ಎಲ್ಲ ಕಾಲೇಜಿಗೂ ಒಂದೇ ಕಾಗದ, ಹೆಣ್ಣಿನ ಕಡೆಯವರು ಯಾರು ಎಂತ ನೋಡದೆ ಮದುವೆ ಬಯೋಡಾಟಾ ಊರೆಲ್ಲ ಹಂಚಿದ ಹಾಗೆ. ಎನ್‌ಸಿಎಎಯ ಕೆಳಗಿನ ಹಂತವಾದ ಡಿವಿಷನ್ 3 ಕಾಲೇಜುಗಳಿಗೂ “ಪೂರ್ಣ ಕ್ರೀಡಾ ಸ್ಕಾಲರ್‌ಶಿಪ್ ಬೇಕು” ಎಂದು ಬರೆದಿದ್ದಾರೆ. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ಪೇ ಇಲ್ಲ ಮಾರಾಯರೇ! ಅಲ್ಲಿ ಮಾರ್ಕ್ಸ್ ನೋಡಿ, ಮನೆಯ ಆದಾಯ ನೋಡಿ ಕೊಡುವ ನೆರವು ಇರುತ್ತದೆ, ಅದನ್ನು ಕೇಳಬೇಕು.

ಇಷ್ಟಾದರೂ ಒಂದು ಉತ್ತರ ಬಂತು. ಒಂದು ಚಿಕ್ಕ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಕಾಲೇಜು) ಸಹಾಯಕ ಕೋಚ್. ಆ ನಾಲ್ಕು ಸಾಲು ಓದಿದರೆ ಕನ್ಸಲ್ಟನ್ಸಿಯ ಇಡೀ ಬ್ರೋಷರಿಗಿಂತ ಜಾಸ್ತಿ ತಿಳಿಯುತ್ತದೆ. 128 ಎನ್ನುವುದು ಓಡಿ ಬಂದು ಎಸೆದದ್ದಾ ಎಂದು ಮೊದಲ ಸಾಲಿನಲ್ಲೇ ಕೇಳಿದ್ದ. ದಿಬ್ಬದ ಮೇಲಿಂದ ಎಸೆದ ವಿಡಿಯೋ ಬೇಕು, ಹಾಡು ಬೇಡ. ಕತ್ತರಿಸದ ವಿಡಿಯೋ ಬೇಕು, ಕೆಟ್ಟ ಎಸೆತಗಳೂ ಇರಲಿ, ಕೆಟ್ಟದಾದ ಮೇಲೆ ಮುಂದಿನ ಚೆಂಡನ್ನು ಹೇಗೆ ಎಸೆಯುತ್ತಾನೆ ನೋಡಬೇಕು. ಕೊನೆಗೆ ಮ್ಯಾಥ್ಸ್ ಮಾರ್ಕ್ಸ್ ಎಷ್ಟು ಎಂದು. ಸಾಹೇಬರು ಇದಕ್ಕೆ ಕೊಟ್ಟ ಉತ್ತರ ನೋಡಬೇಕಿತ್ತು, ಮತ್ತೆ ಅದೇ ಹಾಡಿನ ವಿಡಿಯೋ ಕಳಿಸಿದರು.

ನಾವು ಹುಡುಗನ ಪಿಟಿ ಸರ್‌ನ ಹಿಡಿದೆವು, ಅವರು ಕಾಲೇಜು ದಿನಗಳಲ್ಲಿ ಸಾಫ್ಟ್‌ಬಾಲ್ ಆಡಿದವರು. ಮೈದಾನದ ಮೂಲೆಯಲ್ಲಿ ಮಣ್ಣು ಹಾಕಿಸಿ ದಿಬ್ಬ ಮಾಡಿಸಿದರು, ಹಳೇ ಗ್ಲೌಸ್ ತಂದು ತಾವೇ ಕ್ಯಾಚರ್ ಆಗಿ ಕೂತರು. ವಿಡಿಯೋ ಹುಡುಗ ಭಾನುವಾರ ತಾನಾಗಿ ಗನ್ ತೆಗೆದುಕೊಂಡು ಬಂದ. ದಿಬ್ಬದಿಂದ 113. ಡಿವಿಷನ್ 1ರಲ್ಲಿ 140, 145 ಎಸೆಯುವವರು ಸಾಲುಗಟ್ಟಿ ನಿಂತಿರುತ್ತಾರೆ, ಅದಕ್ಕೆ ಇದು ಎಲ್ಲಿಯ ಮಾತು. ಆದರೆ ಪಿಟಿ ಸರ್ ಮುಂಗಾಲು ಸ್ವಲ್ಪ ಉದ್ದ ಇಡಿಸಿ, ಎಡ ಭುಜ ಬೇಗ ತೆರೆಯದ ಹಾಗೆ ತಿದ್ದಿದ ಮೇಲೆ ಅದೇ ಬೆಳಗ್ಗೆ 117 ಆಯಿತು. ದುಡ್ಡು ಕೊಟ್ಟಿದ್ದು ಆಫೀಸಿಗೆ, ಕಲಿಸಿದ್ದು ಪಿಟಿ ಸರ್. ಅವರು ಚಹಾದ ದುಡ್ಡು ಕೂಡ ಕೊಡಗೊಡಲಿಲ್ಲ.

ಒಂದು ಸ್ಟಾರ್ ಪಡೆದ ಆ ಕಾಗದದ ಹುಡುಗಿಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಆ ಕೆಲಸ ನಿಜವಾಗಿ ಕಷ್ಟದ್ದು. ಎನ್‌ಸಿಎಎ ಡಿವಿಷನ್ 1ಕ್ಕೆ 9ನೇ ತರಗತಿಯಿಂದ 12ರವರೆಗೆ 16 ಕೋರ್ ಕೋರ್ಸ್ (ಮುಖ್ಯ ವಿಷಯಗಳ ಒಂದೊಂದು ವರ್ಷದ ಪಾಠ) ಬೇಕು. ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು, ಸಮಾಜ ಎರಡು, ಉಳಿದದ್ದು ಇವುಗಳಲ್ಲೇ ಮತ್ತು ಇನ್ನು ಕೆಲವು ವಿಷಯಗಳಲ್ಲಿ ಹೊಂದಿಸಬೇಕು. ಅವರ ಲೆಕ್ಕದಲ್ಲಿ 4ಕ್ಕೆ 2.3 ಗ್ರೇಡ್ ಬರಬೇಕು. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡನ್ನು ಅದಕ್ಕೆ ಹೊಂದಿಸಿ, ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರಿನಲ್ಲಿ ಖಾತೆ ತೆರೆದು, 9ನೇ ತರಗತಿಯ ಮಾರ್ಕ್ಸ್ ಕಾರ್ಡ್ ಶಾಲೆಯಿಂದ ಮತ್ತೆ ಬರೆಸಿಕೊಂಡು ಬನ್ನಿ ಎಂದು ಬೆನ್ನು ಹತ್ತಿ, ಎಲ್ಲ ಮಾಡಿಸಿದಳು. ಸಾಹೇಬರು ಒಳಗೆ ಇಲ್ಲದಾಗ ಇನ್ನೊಂದು ಮಾತನ್ನೂ ಅವಳೇ ಹೇಳಿದ್ದು: ಆಟಗಾರರು ಜಾಹೀರಾತಿನಿಂದ ದುಡ್ಡು ಮಾಡಬಹುದು ಎಂದು 2021ರಿಂದ ನಿಯಮ ಇದೆ, ಆದರೆ ಸ್ಟೂಡೆಂಟ್ ವೀಸಾದ ಮೇಲೆ ಹೋದವರಿಗೆ ಅದು ವೀಸಾಕ್ಕೇ ಕುತ್ತು ತರಬಹುದು, ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ ಅಂತ. ಬ್ರೋಷರಿನಲ್ಲಿ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ಕೋಚ್ ಬದಲಾದರೆ ಏನು ಗತಿ ಎನ್ನುವುದಕ್ಕೂ ಅಗ್ರಿಮೆಂಟಿನಲ್ಲಿ ಒಂದು ಸಾಲಿಲ್ಲ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. 2024ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಕಾಲೇಜಿನ ತಂಡ ಫೈನಲ್‌ನಲ್ಲಿ ಟೆನೆಸ್ಸಿ ಎದುರು ಸೋತಿತು, ಮಾರನೇ ದಿನವೇ ಕೋಚ್ ಜಿಮ್ ಶ್ಲೋಸ್‌ನೇಗಲ್ ತಮ್ಮ ತಂಡದ ಕಡುವೈರಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ ಎಂಬ ಸುದ್ದಿ ಬಂತು. ಗೆದ್ದ ಟೆನೆಸ್ಸಿಯ ಟೋನಿ ವಿಟೆಲ್ಲೊ 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ಮೇಜರ್ ಲೀಗ್ ತಂಡದ ಮ್ಯಾನೇಜರ್ (ಮುಖ್ಯ ಕೋಚ್) ಆಗಿ ಹೋದರು. ನಿಮ್ಮ ಹುಡುಗನನ್ನು ಮೆಚ್ಚಿ ಕರೆದವರು ಹೋದಮೇಲೆ ಹೊಸಬರು ತಮಗೆ ಬೇಕಾದವರನ್ನು ತರುತ್ತಾರೆ, ಅಲ್ವಾ? ಇರುವುದು 34 ಜಾಗ.

ಅಗ್ರಿಮೆಂಟ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಸಹಿ ಹಾಕುವ ಮೊದಲು “ಆಫರ್” ಎಂದರೆ ಏನು ಎಂದು ಬರೆದಿರುವ ಪ್ಯಾರಾ ಓದಿ. ನಮ್ಮದರಲ್ಲಿ, ಯಾವುದೇ ಕೋಚ್ ಆಸಕ್ತಿ ತೋರಿಸಿ ಬರೆದ ಉತ್ತರ ಎಂದಿದೆ. ಅಂದರೆ ಆ ನಾಲ್ಕು ಸಾಲಿನ ಮೇಲ್ ಬಂದ ದಿನವೇ ಅವರ ಲೆಕ್ಕದಲ್ಲಿ ಆಫರ್ ಬಂತು, ಎರಡನೇ 60 ಸಾವಿರ ಕೊಡಿ! ಅಣ್ಣ ಅಂಗಡಿಯಿಂದಲೇ ಫೋನ್ ಮಾಡಿ ಬೆಳಗಾವಿ ಭಾಷೆಯಲ್ಲಿ ಮಾತಾಡಿದ ಮೇಲೆ ಸದ್ಯ ತಣ್ಣಗಿದ್ದಾರೆ. ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮೊದಲ ಕಂತಿನಲ್ಲಿ ಕಾಗದದ ಕೆಲಸಕ್ಕೆಷ್ಟೋ ಅಷ್ಟು ಹಿಡಿದುಕೊಂಡು ಉಳಿದದ್ದು ವಾಪಸ್ ಕೊಡಿ ಎಂದು ಕಾಗದ ಬರೆದಿದ್ದೇವೆ.

ಹುಡುಗ ಈಗ ದಿಬ್ಬದ ವಿಡಿಯೋವನ್ನು ತಾನೇ ಆ ಸಹಾಯಕ ಕೋಚ್‌ಗೆ ಕಳಿಸಿದ್ದಾನೆ, 117 ಎಂದು ಇದ್ದದ್ದು ಇದ್ದ ಹಾಗೆ ಬರೆದು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಆಡಿ ಮೇಲಕ್ಕೆ ಹೋಗುವ ದಾರಿ ಅಲ್ಲಿಯ ಹುಡುಗರಿಗೂ ಮಾಮೂಲು, ಖರ್ಚೂ ಕಡಿಮೆ. ಸಿಗದಿದ್ದರೆ ಬೌಲಿಂಗ್ ಇದ್ದೇ ಇದೆ, ಅದನ್ನು ಬಿಡಬೇಡ ಎಂದು ಪಿಟಿ ಸರ್ ಮೊದಲೇ ಹೇಳಿದ್ದಾರೆ.

ಹೋಗಲೇಬೇಕು ಎನ್ನುವವರಿಗೆ: ಕಾಗದಪತ್ರಕ್ಕೆ ಮಾತ್ರ ಎನ್ನುವ ಸಣ್ಣ ಪ್ಯಾಕೇಜ್ ಇದೆ, 15 ಸಾವಿರ, ಬೋರ್ಡ್ ಮೇಲೆ ಬರೆದಿರುವುದಿಲ್ಲ, ಕೇಳಿದರೆ ಕೊಡುತ್ತಾರೆ. ಟೆನಿಸ್, ಈಜಿನವರಿಗೆ ಅದು ಸಾಕು. ಕಾರ್ ಒಯ್ಯಬೇಡಿ, ನಿಲ್ಲಿಸಲು ಜಾಗ ಇಲ್ಲ. ಮಧ್ಯಾಹ್ನ 2ರಿಂದ 4 ಬಾಗಿಲು ಹಾಕಿರುತ್ತದೆ.